ನಿದ್ರೆಯಿಲ್ಲದ ಸೇವಕನಿಗೆ ಎಷ್ಟು ಊಟ?

ಮನೆಯ ದೀಪಗಳೆಲ್ಲ ಆರಿ, ಮಕ್ಕಳು ಮಲಗಿ, ಬೀದಿಯ ಸದ್ದು ಅಡಗಿದ ಮೇಲೂ ನಮ್ಮ ಇಂದಿನ ಮನೆಗಳಲ್ಲಿ ಒಂದು ಸಣ್ಣ ಹಸಿರು ಬೆಳಕು ಮಿನುಗುತ್ತಲೇ ಇರುತ್ತದೆ. ಅದು ಇಂಟರ್‌ನೆಟ್ ತರುವ ರೌಟರಿನ ದೀಪ. ಮಿಕ್ಸರ್ ಹತ್ತು ನಿಮಿಷ ತಿರುಗಿ ಸುಮ್ಮನಾಗುತ್ತದೆ. ಇಸ್ತ್ರಿ ಪೆಟ್ಟಿಗೆ ವಾರಕ್ಕೆ ಒಂದೆರಡು ಬಾರಿ ಬಿಸಿಯಾಗುತ್ತದೆ. ರೆಫ್ರಿಜರೇಟರ್ ಕೂಡ ಒಳಗೆ ತಣ್ಣಗಾದ ಮೇಲೆ ತುಸು ಹೊತ್ತು ವಿಶ್ರಮಿಸುತ್ತದೆ. ರೌಟರಿಗೆ ಮಾತ್ರ ವಿಶ್ರಾಂತಿ ಎಂಬುದಿಲ್ಲ.

ಈಚೆಗೆ ಅದರ ಜೊತೆಗೆ ಇನ್ನೂ ಕೆಲವು ಜಾಗರಣೆಯ ಯಂತ್ರಗಳು ಮನೆಯನ್ನು ಸೇರುತ್ತಿವೆ. ಗೇಟಿನತ್ತ ಕಣ್ಣಿಟ್ಟ ಕ್ಯಾಮೆರಾ, ನೀರಿನ ಟ್ಯಾಂಕು ತುಂಬಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಸಾಧನ, ಮೊಬೈಲಿನಿಂದ ಹೊತ್ತಿಸಬಹುದಾದ ದೀಪ, ಇವೆಲ್ಲವನ್ನೂ ಆಳುವ ಒಂದು ಪುಟ್ಟ ಕಂಪ್ಯೂಟರು. ಇದನ್ನೇ ಜನ ‘ಸ್ಮಾರ್ಟ್ ಮನೆ’ ಎನ್ನುತ್ತಾರೆ. ಇಂತಹ ಸಾಮಗ್ರಿಗಳನ್ನು ಕೊಳ್ಳಲು ಹೋದಾಗ ನಾವು ಕೇಳುವ ಪ್ರಶ್ನೆಗಳು ಯಾವುವು? ಎಷ್ಟು ವೇಗ, ಎಷ್ಟು ಜಿ.ಬಿ., ಎಷ್ಟು ಬೆಲೆ. ಇಪ್ಪತ್ನಾಲ್ಕು ಗಂಟೆಯೂ ಎಚ್ಚರವಿರಬೇಕಾದ ಈ ಸೇವಕ ಎಷ್ಟು ಊಟ ಮಾಡುತ್ತಾನೆ ಎಂದು ಕೇಳುವವರು ಅಪರೂಪ. ಕಲಬುರಗಿಯಂತಹ ಊರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಇಲ್ಲಿನ ಬಿಸಿಲು, ಆಗಾಗ ಹೋಗಿಬರುವ ವಿದ್ಯುತ್ತು, ಮನೆಯ ಬಿಲ್ಲಿನ ಮೇಲಿರುವ ಯೂನಿಟ್ಟಿನ ಮಿತಿ, ಈ ಮೂರೂ ಸೇರಿ ಅದಕ್ಕೆ ಮಹತ್ತ್ವ ತಂದಿವೆ.

ಒಂದು ವಾಟಿನ ಲೆಕ್ಕ

ಲೆಕ್ಕ ಕಠಿನವಾದುದೇನೂ ಅಲ್ಲ. ಸಾವಿರ ವಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚು. ಕೇವಲ ಒಂದು ವಾಟಿನ ಉಪಕರಣವಾದರೂ ಹಗಲಿರುಳು ನಡೆದರೆ, ವರ್ಷದ ೮,೭೬೦ ಗಂಟೆಗಳಲ್ಲಿ ೮.೭೬ ಯೂನಿಟ್ ಉಣ್ಣುತ್ತದೆ. ನೆನಪಿನಲ್ಲಿಡಲು ಸುಲಭವಾದ ಸೂತ್ರವೆಂದರೆ, ಸದಾ ನಡೆಯುವ ಯಂತ್ರದ ಪ್ರತಿ ೧೦ ವಾಟಿಗೆ ತಿಂಗಳಿಗೆ ೭.೨ ಯೂನಿಟ್. ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆಯನ್ನು ವಾರಕ್ಕೊಂದು ಗಂಟೆ ಬಳಸಿದರೆ ತಿಂಗಳಿಗೆ ತಗಲುವುದು ನಾಲ್ಕು ಯೂನಿಟ್ಟಿಗೆ ತುಸು ಹೆಚ್ಚು ಮಾತ್ರ. ಮುಟ್ಟಿದರೆ ಸುಡುವ ಇಸ್ತ್ರಿ ಪೆಟ್ಟಿಗೆಗಿಂತ, ಮೂಲೆಯಲ್ಲಿ ಸದ್ದಿಲ್ಲದೆ ಕುಳಿತ ಹತ್ತು ವಾಟಿನ ಪೆಟ್ಟಿಗೆಯ ಹಸಿವೇ ಹೆಚ್ಚಾಯಿತಲ್ಲವೆ?

ಈ ಹಸಿವನ್ನು ಮನೆಯಲ್ಲೇ ಅಳೆದು ನೋಡಬಹುದು. ವಿದ್ಯುತ್ ಮೀಟರಿನ ಮೇಲೆ ಒಂದು ಕೆಂಪು ದೀಪ ಮಿಟುಕುತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ. ಒಂದು ಯೂನಿಟ್ಟಿಗೆ ಅದು ಎಷ್ಟು ಬಾರಿ ಮಿಟುಕುತ್ತದೆ ಎಂಬ ಸಂಖ್ಯೆ ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ಅದು ೩,೨೦೦ ಎಂದಿದ್ದರೆ, ಮನೆಯ ಉಳಿದೆಲ್ಲ ಪ್ಲಗ್ಗುಗಳನ್ನು ತೆಗೆದು, ಅಳೆಯಬೇಕಾದ ಯಂತ್ರವನ್ನು ಮಾತ್ರ ನಡೆಯಬಿಟ್ಟು, ಹತ್ತು ನಿಮಿಷ ಎಣಿಸಿರಿ. ೬೦ ವಾಟಿನ ಯಂತ್ರವಾದರೆ ದೀಪ ೩೨ ಬಾರಿ ಮಿಟುಕುತ್ತದೆ; ೫ ವಾಟಿನದಾದರೆ ಎರಡು ಅಥವಾ ಮೂರು ಬಾರಿ. ಐದನೆಯ ತರಗತಿಯ ಬಾಲಕನೂ ಮಾಡಬಹುದಾದ ಈ ಪ್ರಯೋಗ ಜಾಹೀರಾತುಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾದುದು.

ಇನ್ನೂರು ಯೂನಿಟ್ಟಿನ ಗೆರೆ

ಬೆಂಗಳೂರಿನ ಬೀದಿಗಳಲ್ಲಿ ಮೊದಲ ವಿದ್ಯುದ್ದೀಪಗಳು ಬೆಳಗಿದ್ದು ೧೯೦೫ರ ಆಗಸ್ಟ್ ೫ರಂದು. ಅದಾದ ೧೧೮ ವರ್ಷಗಳ ಮೇಲೆ, ೨೦೨೩ರ ಅದೇ ಆಗಸ್ಟ್ ೫ರಂದು, ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆಗೆ ಕಲಬುರಗಿಯಲ್ಲಿ ಚಾಲನೆ ದೊರೆಯಿತು. ತಿಂಗಳಿಗೆ ೨೦೦ ಯೂನಿಟ್‌ವರೆಗೆ ಉಚಿತ ಎಂಬ ಮಾತು ಮನೆಮನೆಗೂ ತಲಪಿತು. ಆ ಮಾತಿನ ಹಿಂದೆ ಇರುವ ಲೆಕ್ಕ ಎಲ್ಲರಿಗೂ ತಲಪಿತೆಂದು ಹೇಳಲಾಗದು. ೨೦೨೨-೨೩ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದರ ಮೇಲೆ ಶೇಕಡ ೧೦ ಸೇರಿಸಿದರೆ ಬರುವುದೇ ಆ ಮನೆಯ ಉಚಿತ ಪಾಲು. ತೀರ ಕಡಿಮೆ, ಅಂದರೆ ೪೮ ಯೂನಿಟ್‌ಗಿಂತ ಕಡಿಮೆ, ಬಳಸುತ್ತಿದ್ದವರಿಗೆ ೨೦೨೪ರಲ್ಲಿ ಶೇಕಡ ೧೦ರ ಬದಲು ೧೦ ಯೂನಿಟ್ ಸೇರಿಸಿ ಕೊಡುವ ತೀರ್ಮಾನವಾಯಿತು. ಪಾಲು ಮೀರಿದರೆ ಮೀರಿದಷ್ಟಕ್ಕೆ ಹಣ ಕೊಡಬೇಕು. ೨೦೦ ಮೀರಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು.

ಈ ಲೆಕ್ಕದಲ್ಲಿ ಹಗಲಿರುಳು ನಡೆಯುವ ಯಂತ್ರವನ್ನು ಇಟ್ಟು ನೋಡೋಣ. ಒಂದು ಮನೆಯ ಸರಾಸರಿ ೯೦ ಯೂನಿಟ್. ಅದರ ಉಚಿತ ಪಾಲು ೯೯. ಆ ಮನೆಯ ಉತ್ಸಾಹಿ ಯುವಕನೊಬ್ಬ ಹಳೆಯ ಕಂಪ್ಯೂಟರನ್ನು ಮನೆಯ ಯಂತ್ರಗಳ ಯಜಮಾನನನ್ನಾಗಿ ಮಾಡಿ ಸದಾ ನಡೆಯುವಂತೆ ಇಡುತ್ತಾನೆ. ಅದರ ಹಸಿವು ೬೦ ವಾಟ್ ಎಂದರೆ ತಿಂಗಳಿಗೆ ೪೩ ಯೂನಿಟ್. ಖರ್ಚು ೧೩೩ಕ್ಕೆ ಏರಿ, ೩೪ ಯೂನಿಟ್ಟಿಗೆ ಹಣ ತೆರಬೇಕಾಗುತ್ತದೆ. ಯೂನಿಟ್ಟಿಗೆ ೬ ರೂಪಾಯಿಯಂತೆ ಹಿಡಿದರೂ ತಿಂಗಳಿಗೆ ಇನ್ನೂರು ರೂಪಾಯಿ ದಾಟಿತು. ೧೭೦ ಯೂನಿಟ್ ಬಳಸುವ ಮನೆಯಾದರೆ ಗತಿ ಇನ್ನೂ ಕಠಿನ. ೧೭೦ಕ್ಕೆ ೪೩ ಸೇರಿದರೆ ೨೧೩. ಇನ್ನೂರರ ಗೆರೆ ದಾಟಿತೆಂದರೆ ಆ ತಿಂಗಳ ೨೧೩ ಯೂನಿಟ್ಟಿಗೂ ಬಿಲ್ಲು ಬರುತ್ತದೆ. ಪುಕ್ಕಟೆ ದೊರೆತ ಕಂಪ್ಯೂಟರು ತಿಂಗಳಿಗೆ ಸಾವಿರದ ಮುನ್ನೂರರ ಸಮೀಪದ ಬಿಲ್ಲನ್ನು ತಂದಿಟ್ಟಂತಾಯಿತು.

ಅದೇ ಕೆಲಸಕ್ಕೆ ೫ ವಾಟಿನ ಯಂತ್ರವಿಟ್ಟರೆ ತಿಂಗಳಿಗೆ ೩.೬ ಯೂನಿಟ್. ಮೇಲೆ ಹೇಳಿದ ಎರಡೂ ಮನೆಗಳಲ್ಲಿ ಅದು ಶೇಕಡ ಹತ್ತರ ಹೆಚ್ಚುವರಿ ಪಾಲಿನೊಳಗೇ ಅಡಗಿಹೋಗುತ್ತದೆ.

ಹಳೆಯ ಕಂಪ್ಯೂಟರೋ, ಹೊಸ ಪುಟ್ಟ ಯಂತ್ರವೋ?

ಹಳೆಯ ಸಾಮಾನನ್ನು ಎಸೆಯದೆ ಬಳಸುವುದು ನಮ್ಮ ಮನೆಗಳ ಸದ್ಗುಣ. ಅದನ್ನು ಹಳಿಯುವಂತಿಲ್ಲ. ಆದರೆ ಸದಾ ನಡೆಯುವ ಕೆಲಸಕ್ಕೆ ಹಳೆಯ ಮೇಜಿನ ಕಂಪ್ಯೂಟರು ಒದಗದು. ಅದನ್ನು ನಿರ್ಮಿಸಿದ್ದು ದಿನಕ್ಕೆ ಕೆಲವೇ ಗಂಟೆ ಭಾರಿ ಕೆಲಸ ಮಾಡಲು. ಟ್ಯಾಂಕಿನ ಮೋಟಾರು ನಿಲ್ಲಿಸುವುದು, ಸಂಜೆ ಹೊರಗಿನ ದೀಪ ಹೊತ್ತಿಸುವುದು, ಇವು ಕಾಲುಪಾಲು ಸೆಕೆಂಡೂ ಹಿಡಿಯದ ಕೆಲಸಗಳು. ಉಳಿದ ಹೊತ್ತೆಲ್ಲ ಅದು ಸುಮ್ಮನೆ ಕಾಯುತ್ತ ಉಣ್ಣುತ್ತಿರುತ್ತದೆ. ಆದ್ದರಿಂದ ಯಂತ್ರವನ್ನು ಆರಿಸುವಾಗ ಅದು ದುಡಿಯುವಾಗ ಎಷ್ಟು ಬಳಸುತ್ತದೆ ಎನ್ನುವುದಕ್ಕಿಂತ ಬಿಡುವಾಗಿರುವಾಗ ಎಷ್ಟು ಬಳಸುತ್ತದೆ ಎಂಬುದನ್ನೇ ವಿಚಾರಿಸಬೇಕು.

ಈ ಮಿತಾಹಾರದ ಯಂತ್ರಗಳ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಎಂಬ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬ ಇಬ್ಬರು ತಂತ್ರಜ್ಞರು ಒಂದು ಹೊಸ ಚಿಪ್ಪನ್ನು ರಚಿಸಿದರು. ಅಗ್ಗದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇಡಬಹುದಾಗುವಂತೆ ಅದರ ಬಿಸಿ ಒಂದು ವಾಟಿನೊಳಗೆ ಇರಬೇಕೆಂಬುದು ಅವರ ಗುರಿಯಾಗಿತ್ತು. ೧೯೮೫ರ ಏಪ್ರಿಲ್ ೨೬ರಂದು ಮೊದಲ ಚಿಪ್ಪು ಕೈಸೇರಿ ಕೆಲಸ ಮಾಡತೊಡಗಿತು. ವಿದ್ಯುತ್ತಿನ ಬಳಕೆಯನ್ನು ಅಳೆದರೆ ಮಾಪಕದ ಮುಳ್ಳು ಸೊನ್ನೆಯಲ್ಲೇ ನಿಂತಿದೆ! ಪರೀಕ್ಷಿಸಿ ನೋಡಿದಾಗ ಚಿಪ್ಪಿಗೆ ವಿದ್ಯುತ್ತಿನ ಸಂಪರ್ಕವನ್ನೇ ಕೊಟ್ಟಿರಲಿಲ್ಲವೆಂಬುದು ತಿಳಿಯಿತು. ಸಂಕೇತಗಳ ತಂತಿಗಳಿಂದ ಸೋರಿಬಂದ ಅಲ್ಪ ವಿದ್ಯುತ್ತಿನಲ್ಲೇ ಅದು ನಡೆದಿತ್ತು. ‘ಆರ್ಮ್’ ಎಂಬ ಆ ಚಿಪ್ಪಿನ ಸಂತತಿಯೇ ಇಂದು ನಮ್ಮ ಮೊಬೈಲುಗಳಲ್ಲಿದೆ. ೨೦೧೨ರ ಫೆಬ್ರುವರಿಯಲ್ಲಿ ಹೊರಬಂದ, ಅಂಗೈಯಗಲದ ‘ರಾಸ್ಪ್‌ಬೆರಿ ಪೈ’ ಎಂಬ ಕಂಪ್ಯೂಟರಿನಲ್ಲಿರುವುದೂ ಅದೇ.

ಈ ಪುಟ್ಟ ಕಂಪ್ಯೂಟರಿನ ನಾಲ್ಕನೆಯ ಮಾದರಿ ಬಿಡುವಿನಲ್ಲಿ ಸುಮಾರು ೩ ವಾಟ್, ದುಡಿಯುವಾಗ ಅದರ ಇಮ್ಮಡಿ ಬಳಸುತ್ತದೆ. ಮನೆಯ ಸಾಧನಗಳನ್ನು ಆಳಲು ಅಷ್ಟು ಸಾಕು. ಮನೆಯ ಫೋಟೋ, ಕಡತಗಳನ್ನೂ ಇಡಬೇಕೆಂದರೆ, ಇಂಟೆಲ್ ಕಂಪನಿ ೨೦೨೩ರಲ್ಲಿ ಹೊರತಂದ ಎನ್‌೧೦೦ ಎಂಬ ಚಿಪ್ಪುಳ್ಳ ‘ಮಿನಿ ಪಿ.ಸಿ.’ಗಳಿವೆ. ಬಿಡುವಿನಲ್ಲಿ ಇವುಗಳ ಬಳಕೆ ಸಾಮಾನ್ಯವಾಗಿ ಹತ್ತು ವಾಟಿನೊಳಗೇ ಇರುತ್ತದೆ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ, ತೆರೆಯನ್ನು ಆರಿಸಿಟ್ಟಾಗ ಅದೂ ಹತ್ತು ಹದಿನೈದು ವಾಟಿನಲ್ಲಿ ನಡೆದೀತು. ಆದರೆ ಸದಾ ಚಾರ್ಜಿನಲ್ಲಿಟ್ಟ ಹಳೆಯ ಬ್ಯಾಟರಿ ಉಬ್ಬದಂತೆ ಕಣ್ಣಿಟ್ಟಿರಬೇಕು. ತಿರುಗುವ ದೊಡ್ಡ ಹಾರ್ಡ್‌ಡಿಸ್ಕ್ ಒಂದೇ ಐದಾರು ವಾಟ್ ಬಳಸುವುದರಿಂದ, ಅದರ ಬದಲು ಎಸ್.ಎಸ್.ಡಿ. ಇಡುವುದು ಲೇಸು. ಪುಟ್ಟ ಕಂಪ್ಯೂಟರುಗಳನ್ನು ಮೆಮೊರಿ ಕಾರ್ಡಿನ ಮೇಲೆ ನಡೆಸಿದರೆ, ಪದೇ ಪದೇ ಬರೆಯುವುದರಿಂದಲೂ ಹಠಾತ್ತನೆ ವಿದ್ಯುತ್ತು ಹೋಗುವುದರಿಂದಲೂ ಕಾರ್ಡು ಬೇಗ ಕೆಡುತ್ತದೆ. ಅಲ್ಲಿಯೂ ಎಸ್.ಎಸ್.ಡಿ.ಯೇ ಉತ್ತಮ.

ಬೆಲೆಯ ಮಾತಿಗೆ ಬಂದರೆ, ೬೦ ವಾಟಿಗೂ ೫ ವಾಟಿಗೂ ಇರುವ ಅಂತರ ವರ್ಷಕ್ಕೆ ಸುಮಾರು ೪೭೫ ಯೂನಿಟ್. ಹಣ ತೆರುವ ಯೂನಿಟ್ಟುಗಳೆಂದು ಹಿಡಿದರೆ ಅದು ಎರಡು ಸಾವಿರದ ಎಂಟುನೂರು ರೂಪಾಯಿಗೂ ಮೇಲೆ.

ಬಿಸಿಲೂ ಧೂಳೂ

ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣತೆ ೪೨ ಡಿಗ್ರಿ ದಾಟುವುದು ಯಾರಿಗೂ ಹೊಸತಲ್ಲ. ಯಂತ್ರ ತಿಂದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬೀಳುತ್ತದೆ. ೬೦ ವಾಟಿನ ಕಂಪ್ಯೂಟರೆಂದರೆ ಹಿಂದಿನ ಕಾಲದ ೬೦ ವಾಟಿನ ಬಲ್ಬೊಂದನ್ನು ಕೋಣೆಯಲ್ಲಿ ಹಗಲಿರುಳು ಉರಿಸಿದಂತೆ. ಆ ಬಿಸಿಯನ್ನು ಹೊರಹಾಕಲು ಮತ್ತೆ ಕೂಲರು, ಫ್ಯಾನು. ಊಟಕ್ಕೊಂದು ಖರ್ಚು, ಅಜೀರ್ಣಕ್ಕೆ ಇನ್ನೊಂದು!

ಬಿಸಿ ಯಂತ್ರದ ಆಯುಸ್ಸನ್ನೂ ತಿನ್ನುತ್ತದೆ. ಇಂತಹ ಪೆಟ್ಟಿಗೆಗಳೊಳಗಿನ ಕೆಪ್ಯಾಸಿಟರ್ ಎಂಬ ಭಾಗದ ಬಾಳಿಕೆ, ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ರೂಢಿಯ ಲೆಕ್ಕ. ರಾಸ್ಪ್‌ಬೆರಿ ಪೈಯಂತಹ ಯಂತ್ರ ಒಳಗೆ ೮೦ ಡಿಗ್ರಿ ಮುಟ್ಟಿತೆಂದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕಡಿಮೆ ಉಣ್ಣುವ ಯಂತ್ರ ಕಡಿಮೆ ಬಿಸಿಯಾಗುವುದರಿಂದ ಅದಕ್ಕೆ ಒಳಗಿನ ಫ್ಯಾನು ಬೇಕಿಲ್ಲ. ಫ್ಯಾನು ಇಲ್ಲದ ಪೆಟ್ಟಿಗೆಯೊಳಕ್ಕೆ ನಮ್ಮ ಕಪ್ಪು ಮಣ್ಣಿನ ಸೀಮೆಯ ಧೂಳೂ ಅಷ್ಟಾಗಿ ನುಗ್ಗದು. ಅಂದಮಾತ್ರಕ್ಕೆ ಅದನ್ನು ಬಾಗಿಲು ಮುಚ್ಚಿದ ಕಪಾಟಿನಲ್ಲಾಗಲಿ, ಬಿಸಿಲಿಗೆ ಕಾದ ತಾರಸಿಯ ಕೆಳಗಿನ ಅಟ್ಟದ ಮೇಲಾಗಲಿ ಇಡಬಾರದು. ಗಾಳಿಯಾಡುವ, ಸೊಂಟದೆತ್ತರದ ಜಾಗವೇ ತಕ್ಕುದು.

ವಿದ್ಯುತ್ತು ಹೋದಾಗ

ಪರೀಕ್ಷೆಯ ದಿನಗಳಲ್ಲಿ ಸಂಜೆ ವಿದ್ಯುತ್ತು ಹೋದರೆ ಮನೆಯವರ ಪಾಡು ಏನೆಂಬುದನ್ನು ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ಅನೇಕರು ಇನ್ವರ್ಟರಿನ ಮೊರೆಹೋಗುತ್ತಾರೆ. ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ರೌಟರಿಗೆ ಬೇಕಾದುದು ೧೨ ವೋಲ್ಟಿನ ನೇರ ವಿದ್ಯುತ್ತು. ಇನ್ವರ್ಟರ್ ಬ್ಯಾಟರಿಯ ೧೨ ವೋಲ್ಟನ್ನು ೨೩೦ಕ್ಕೆ ಏರಿಸುತ್ತದೆ, ರೌಟರಿನ ಅಡಾಪ್ಟರ್ ಅದನ್ನು ಮತ್ತೆ ೧೨ಕ್ಕೆ ಇಳಿಸುತ್ತದೆ. ಈ ಏರಿಳಿತದಲ್ಲಿ ನಷ್ಟವಾಗುವುದಲ್ಲದೆ, ಇನ್ವರ್ಟರ್ ತಾನು ಎಚ್ಚರವಿರಲೆಂದೇ ಹತ್ತಿಪ್ಪತ್ತು ವಾಟ್ ಬಳಸುತ್ತದೆ. ಎಂಟು ವಾಟಿನ ರೌಟರನ್ನು ಕಾಯಲು ಅದರ ಎರಡರಷ್ಟು ಉಣ್ಣುವ ಕಾವಲುಗಾರ!

ಇದಕ್ಕೆ ಬದಲಾಗಿ ‘ಮಿನಿ ಯು.ಪಿ.ಎಸ್.’ ಎಂಬ ಅಂಗೈಯಗಲದ ಲಿಥಿಯಂ ಬ್ಯಾಟರಿಯ ಪೆಟ್ಟಿಗೆಗಳು ದೊರೆಯುತ್ತವೆ. ಅವು ೧೨ ವೋಲ್ಟನ್ನು ನೇರವಾಗಿ ಕೊಡುತ್ತವೆ. ಮೂವತ್ತು ವಾಟ್-ಗಂಟೆಯಷ್ಟು ಸಂಗ್ರಹವಿದ್ದರೆ ಎಂಟು ವಾಟಿನ ರೌಟರು ಮೂರು ಗಂಟೆ ನಡೆದೀತು. ಕೊಳ್ಳುವ ಮುನ್ನ ರೌಟರಿನ ಬೆನ್ನಿನ ಮೇಲೆ ಬರೆದ ವೋಲ್ಟು, ಆಂಪಿಯರ್, ಧನ-ಋಣಗಳ ಗುರುತು ಇವು ಪೆಟ್ಟಿಗೆಯದರೊಂದಿಗೆ ಹೊಂದುತ್ತವೆಯೆ ಎಂದು ನೋಡಿಕೊಳ್ಳಿರಿ. ೯ ವೋಲ್ಟಿನ ಯಂತ್ರಕ್ಕೆ ೧೨ ವೋಲ್ಟು ಕೊಟ್ಟರೆ ಅದು ಸುಟ್ಟುಹೋದೀತು.

ಕಲ್ಲಿನ ಗೋಡೆ, ಪುಟ್ಟ ಸಂದೇಶ

ಕಲಬುರಗಿಯ ಹಳೆಯ ಮನೆಗಳಲ್ಲಿ ಕಲ್ಲಿನ ದಪ್ಪ ಗೋಡೆಗಳೂ ಶಹಾಬಾದಿನ ಕಲ್ಲುಹಾಸೂ ಸಾಮಾನ್ಯ. ಈ ಗೋಡೆಗಳು ಬಿಸಿಲನ್ನು ತಡೆಯುವಂತೆಯೇ ವೈ-ಫೈ ತರಂಗಗಳನ್ನೂ ತಡೆಯುತ್ತವೆ. ಅದರಲ್ಲಿಯೂ ೫ ಗಿಗಾಹರ್ಟ್ಸ್ ತರಂಗ ಬಲುಬೇಗ ಸೋಲುತ್ತದೆ. ನಾಲ್ಕಾರು ಆಂಟೆನಾಗಳ ದುಬಾರಿ ರೌಟರು ಕೊಂಡರೆ ಸರಿಹೋದೀತೆಂದು ಜನ ಭಾವಿಸುತ್ತಾರೆ. ಅದಕ್ಕಿಂತ ಒಂದು ತಂತಿಯನ್ನು ಹಿಂದಿನ ಕೋಣೆಯವರೆಗೆ ಎಳೆದು, ಅಲ್ಲಿ ಇನ್ನೊಂದು ಸಣ್ಣ ವೈ-ಫೈ ಪೆಟ್ಟಿಗೆ ಇಡುವುದು ಭರವಸೆಯ ಮಾರ್ಗ. ಟಿ.ವಿ., ಕಂಪ್ಯೂಟರುಗಳಂತೆ ಒಂದೇ ಕಡೆ ಇರುವ ವಸ್ತುಗಳನ್ನು ತಂತಿಯಿಂದಲೇ ಜೋಡಿಸಬೇಕು.

ಬಾಗಿಲು ತೆರೆದುದನ್ನು, ನೀರು ತುಂಬಿದುದನ್ನು ತಿಳಿಸುವ ಸಾಧನಗಳಿಗೆ ವೈ-ಫೈ ಬೇಕಾಗಿಯೂ ಇಲ್ಲ. ‘ಜಿಗ್‌ಬೀ’ ಎಂಬ ಮಿತವ್ಯಯದ ತರಂಗಪದ್ಧತಿಯಿದೆ. ಅದರಲ್ಲಿ ನಡೆಯುವ ಬಾಗಿಲಿನ ಸಾಧನ ನಾಣ್ಯದಷ್ಟೇ ದೊಡ್ಡದಾದ ಒಂದು ಬ್ಯಾಟರಿಯಲ್ಲಿ ವರ್ಷ ಕಳೆಯಬಲ್ಲುದು. ಏಕೆಂದರೆ ಅದು ಬಹುಪಾಲು ನಿದ್ರಿಸುತ್ತಿದ್ದು, ಬಾಗಿಲು ಅಲುಗಿದಾಗ ಎದ್ದು, ಒಂದು ಮಾತು ಹೇಳಿ ಮಲಗುತ್ತದೆ. ಇಂತಹ ಚುಟುಕು ಮಾತುಗಳಿಗಾಗಿ ಬಳಸುವ ‘ಎಂ.ಕ್ಯು.ಟಿ.ಟಿ.’ ಎಂಬ ಸಂದೇಶಪದ್ಧತಿಯನ್ನು ೧೯೯೯ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪರ್ ಎಂಬವರು ರಚಿಸಿದರು. ನಿರ್ಜನ ಪ್ರದೇಶಗಳಲ್ಲಿ ಹಾದುಹೋಗುವ ತೈಲದ ಕೊಳವೆಗಳ ಸ್ಥಿತಿಯನ್ನು ಉಪಗ್ರಹದ ಮೂಲಕ ತಿಳಿಯುವುದು ಆಗಿನ ಉದ್ದೇಶ. ಮರುಭೂಮಿಯ ಕೊಳವೆಗೆಂದು ಹುಟ್ಟಿದ ಮಿತಭಾಷೆ ಇಂದು ಮನೆಯ ಟ್ಯಾಂಕಿಗೂ ಒದಗಿಬಂದಿದೆ. ಇವನ್ನೆಲ್ಲ ಒಂದುಗೂಡಿಸುವ ‘ಹೋಮ್ ಅಸಿಸ್ಟೆಂಟ್’ ಎಂಬ ಉಚಿತ ತಂತ್ರಾಂಶ ೨೦೧೩ರಿಂದ ಬೆಳೆದುಬಂದಿದ್ದು, ಇಂಟರ್‌ನೆಟ್ ಕಡಿದುಹೋದಾಗಲೂ ಮನೆಯೊಳಗಿನ ಕೆಲಸಗಳನ್ನು ನಡೆಸಬಲ್ಲುದು.

ವೈ-ಫೈ ದೀಪಗಳ ಬಗೆಗೆ ಒಂದು ಎಚ್ಚರಿಕೆ. ಆರಿರುವಾಗಲೂ ಅವು ಅಪ್ಪಣೆಗಾಗಿ ಕಾಯುತ್ತ ಅರ್ಧ ವಾಟಿನಷ್ಟು ಬಳಸಬಹುದು. ಹತ್ತು ದೀಪಗಳಾದರೆ ಇನ್ನೊಂದು ಪುಟ್ಟ ಕಂಪ್ಯೂಟರನ್ನು ಸಾಕಿದಂತೆ.

ಕಮಲಾಪುರದ ಬಾವಿ

ಮನೆ ಒಂದೇ ಆದರೂ ಎರಡು ಊರಿನಲ್ಲಿ ಬಾಳುವ ಕುಟುಂಬಗಳು ನಮ್ಮಲ್ಲಿ ಕಡಿಮೆಯಲ್ಲ. ಮಗ ಸೊಸೆ ಕಲಬುರಗಿಯಲ್ಲಿ ಉದ್ಯೋಗಸ್ಥರು. ವಯಸ್ಸಾದ ತಂದೆತಾಯಿ ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ, ತೋಟದ ಬಳಿ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬೆಳೆ. ಬಾಳೆಗೆ ನೀರು ತಪ್ಪಬಾರದು. ಪಂಪುಸೆಟ್ಟಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ತು ದಿನದ ಕೆಲವೇ ಗಂಟೆ, ಅದೂ ಒಮ್ಮೊಮ್ಮೆ ರಾತ್ರಿಯಲ್ಲಿ ಬರುತ್ತದೆ. ಎಪ್ಪತ್ತರ ಹಿರಿಯರು ಕತ್ತಲಲ್ಲಿ, ಹಾವುಹುಳುಗಳ ಭಯದ ನಡುವೆ, ಟಾರ್ಚು ಹಿಡಿದು ಬಾವಿಯ ಬಳಿಗೆ ಹೋಗಬೇಕೆ? ಸ್ವಯಂಚಾಲನೆ ಶೋಕಿಯ ಮಟ್ಟದಿಂದ ಅಗತ್ಯದ ಮಟ್ಟಕ್ಕೆ ಏರುವುದು ಇಂತಹ ಕಡೆ.

ಮೊಬೈಲಿನಿಂದ ನಡೆಸುವ ಪಂಪಿನ ಸ್ಟಾರ್ಟರುಗಳು ರೈತರಿಗೆ ಈಗ ಪರಿಚಿತ. ವಿದ್ಯುತ್ತು ಬಂದಿದೆಯೆ, ಪಂಪು ನಡೆಯುತ್ತಿದೆಯೆ, ನೀರಿಲ್ಲದೆ ಬರಿದೇ ತಿರುಗುತ್ತಿದೆಯೆ ಎಂಬುದನ್ನು ಅವು ತಿಳಿಸುತ್ತವೆ. ಮೊಬೈಲ್ ಸಂಕೇತ ದುರ್ಬಲವಾಗಿರುವ ಕಡೆ ‘ಲೋರಾ’ ಎಂಬ ದೂರಗಾಮಿ ರೇಡಿಯೋ ಪದ್ಧತಿ ಉಪಯುಕ್ತ. ಭಾರತದಲ್ಲಿ ೮೬೫ರಿಂದ ೮೬೭ ಮೆಗಾಹರ್ಟ್ಸ್ ತರಂಗಗಳನ್ನು ಇದಕ್ಕಾಗಿ, ನಿಗದಿತ ಮಿತಿಯೊಳಗೆ, ಪರವಾನಗಿಯಿಲ್ಲದೆ ಬಳಸಬಹುದು. ಬಯಲಿನಲ್ಲಿ ಬಾವಿಯಿಂದ ಮನೆಯವರೆಗೆ ಒಂದೆರಡು ಕಿಲೋಮೀಟರ್ ಅದಕ್ಕೆ ಹೆಚ್ಚಲ್ಲ. ಬಾವಿಯ ಬಳಿಯ ಸಾಧನಕ್ಕೆ ‘ಇ.ಎಸ್.ಪಿ.೩೨’ನಂತಹ ಚಿಪ್ಪು ಸಾಕು. ಗಾಢನಿದ್ರೆಯಲ್ಲಿ ಅದು ಬಳಸುವುದು ಒಂದು ಆಂಪಿಯರಿನ ಲಕ್ಷದ ಒಂದಂಶದಷ್ಟು. ಕಾಲು ಗಂಟೆಗೊಮ್ಮೆ ಎದ್ದು ನೀರಿನ ಮಟ್ಟ ಹೇಳಿ ಮಲಗುವಂತೆ ಮಾಡಿದರೆ, ಅಂಗೈಯಗಲದ ಸೌರಫಲಕವೂ ಸಣ್ಣ ಬ್ಯಾಟರಿಯೂ ಅದನ್ನು ಸಲಹುತ್ತವೆ. ತಂತಿಯ ವಿದ್ಯುತ್ತು ಇಲ್ಲದಿರುವಾಗಲೇ ಸುದ್ದಿಯ ಅಗತ್ಯ ಹೆಚ್ಚು. ಆದ್ದರಿಂದ ಇಲ್ಲಿ ಮಿತಾಹಾರವೆಂಬುದು ಹಣದ ಪ್ರಶ್ನೆಯಾಗಿ ಉಳಿಯದು. ಸಾಧನ ಬದುಕಿರುವುದೇ ಅದರಿಂದ.

ಒಂದು ಮಾತು ಮರೆಯಬಾರದು. ಐದು ಅಶ್ವಶಕ್ತಿಯ ಪಂಪನ್ನು ಅಗ್ಗದ ಪುಟ್ಟ ರಿಲೇಗೆ ನೇರವಾಗಿ ಜೋಡಿಸುವುದು ಬೆಂಕಿಯೊಡನೆ ಸರಸ. ರಿಲೇ ಕಾಂಟ್ಯಾಕ್ಟರಿಗೆ ಅಪ್ಪಣೆ ಕೊಡಲಿ, ಕಾಂಟ್ಯಾಕ್ಟರು ಪಂಪನ್ನು ನಡೆಸಲಿ. ಆ ಜೋಡಣೆಯನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು.

ಯಾವುದು ಮೊದಲು?

ಎಲ್ಲವನ್ನೂ ಒಮ್ಮೆಗೇ ಕೊಳ್ಳುವ ಆತುರ ಬೇಡ. ಮೊದಲು ಮನೆಯ ಈಗಿನ ಖರ್ಚನ್ನು ಅಳೆಯಿರಿ. ಆಮೇಲೆ ತಲೆಯೆತ್ತಿ ಫ್ಯಾನನ್ನು ನೋಡಿರಿ. ಹಳೆಯ ಫ್ಯಾನು ೭೫ ವಾಟ್ ಬಳಸಿದರೆ ಹೊಸ ಬಿ.ಎಲ್.ಡಿ.ಸಿ. ಫ್ಯಾನಿಗೆ ೩೦ ವಾಟ್ ಸಾಕು. ಬೇಸಗೆಯಲ್ಲಿ ದಿನಕ್ಕೆ ೧೨ ಗಂಟೆ ತಿರುಗಿದರೆ ಒಂದೇ ಫ್ಯಾನಿನಿಂದ ತಿಂಗಳಿಗೆ ೧೬ ಯೂನಿಟ್ ಉಳಿಯುತ್ತದೆ. ರೌಟರು, ಪುಟ್ಟ ಕಂಪ್ಯೂಟರು ಇವೆರಡರ ಊಟವೂ ಅದರಲ್ಲಿ ಕಳೆದು ಇನ್ನೂ ಮಿಗುತ್ತದೆ. ಮೂರನೆಯದಾಗಿ ರೌಟರಿಗೊಂದು ಮಿನಿ ಯು.ಪಿ.ಎಸ್. ಅನಂತರ ಐದು ಹತ್ತು ವಾಟಿನ ಕಂಪ್ಯೂಟರು, ಬ್ಯಾಟರಿಯ ಸಣ್ಣ ಸಾಧನಗಳು. ಕ್ಯಾಮೆರಾಗಳಿಗೆ ಕೊನೆಯ ಸ್ಥಾನ. ನಾಲ್ಕು ಕ್ಯಾಮೆರಾ, ಅವುಗಳ ದಾಖಲೆ ಪೆಟ್ಟಿಗೆ ಸೇರಿ ೩೦ ವಾಟ್ ಆದರೂ ತಿಂಗಳಿಗೆ ಸುಮಾರು ೨೨ ಯೂನಿಟ್. ಬೇಕಾದ ಬಾಗಿಲಿಗೆ ಒಂದೇ ಕ್ಯಾಮೆರಾ ಸಾಲದೆ ಎಂದು ಯೋಚಿಸಬೇಕು.

ಅಂಗಡಿಯಲ್ಲಿ ಕೊಡುವ ಬೆಲೆ ಒಂದು ದಿನದ ಮಾತು. ಯಂತ್ರದ ಊಟದ ಖರ್ಚು ಅದು ಮನೆಯಲ್ಲಿರುವ ಪ್ರತಿ ರಾತ್ರಿಯದು. ಇನ್ನು ಮುಂದೆ ಮಾರುವವನು ವೇಗದ ವರ್ಣನೆ ಮುಗಿಸಿದ ಮೇಲೆ, ಬಿಡುವಿನಲ್ಲಿ ಇದು ಎಷ್ಟು ವಾಟ್ ಬಳಸುತ್ತದೆ ಎಂದು ಒಮ್ಮೆ ಕೇಳಿರಿ. ಅವನಿಗೆ ಉತ್ತರ ತಿಳಿಯದಿದ್ದರೂ ಚಿಂತೆಯಿಲ್ಲ. ಉತ್ತರ ಹೇಳಲು ಮನೆಯ ಮೀಟರಿದೆ, ಎಣಿಸಲು ಮಕ್ಕಳಿದ್ದಾರೆ.